ಹಳೇ ಯೆಜ್ಡಿ ರೋಡ್‌ಕಿಂಗ್: ಕಡಿಮೆ ಖರ್ಚಲ್ಲಿ ರೆಡಿ ಮಾಡಿಸಬಹುದಾ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಈ 250 ಸಿಸಿ ಗಾಡಿ, ಕ್ರ್ಯಾಂಕ್ (ಪಿಸ್ಟನ್ ಓಡಾಟದಿಂದ ತಿರುಗುವ ಎಂಜಿನ್ನಿನ ಮುಖ್ಯ ದಂಡ) ಚೆನ್ನಾಗಿದ್ದರೆ ಮಾತ್ರ ಬಜೆಟ್ಟಿಗೆ ಒಗ್ಗುತ್ತದೆ. ಬ್ಲಾಕ್ (ಸಿಲಿಂಡರ್) ಬಿಚ್ಚಿಸಿ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದು ನೋಡಿ. ಟಕ್ ಅಂದರೆ ರಾಡಿನ ಕ್ರ್ಯಾಂಕ್ ಕಡೆಯ ಬಿಗ್ ಎಂಡ್ ಬೇರಿಂಗ್ ಹೋಗಿದೆ. ಎಂಜಿನ್ ಪೂರ್ತಿ ಬಿಚ್ಚಿ, ಕ್ರ್ಯಾಂಕನ್ನು ಪ್ರೆಸ್ ಯಂತ್ರಕ್ಕೆ ಹಾಕಿಸಿ ಬೇರಿಂಗ್ ಬದಲಿಸಲೇಬೇಕು. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ, ಜೊತೆಗೆ ಗೇರ್ ಆಯಿಲ್ ಕಮ್ಮಿಯಾಗುತ್ತಿದೆಯಾ? ಕ್ಲಚ್ ಕಡೆಯ ಆಯಿಲ್ ಸೀಲ್ ಸೋತಿದೆ. ಸೀಲ್ ಅಗ್ಗ, ಕೂಲಿ ಅಲ್ಲ. ಬೋರ್ (ಸಿಲಿಂಡರಿನ ಒಳಗೋಡೆ) ಗೀಚಿದ್ದರೆ ಅಷ್ಟೇನೂ ಹೆದರಬೇಡಿ, ಅದನ್ನು ಕೊರೆದು ಸ್ವಲ್ಪ ಅಗಲಿಸಿ (ಬೋರಿಂಗ್) ಓವರ್‌ಸೈಜ್ ಪಿಸ್ಟನ್ ಹಾಕಿಸಬಹುದು. ಕ್ರೋಮ್, ಪೇಂಟ್ ಕೊನೆಗಿರಲಿ. ಆರ್‌ಸಿಯಲ್ಲಿರುವ ಚಾಸಿಸ್, ಎಂಜಿನ್ ನಂಬರ್ ಗಾಡಿಗೆ ತಾಳೆಯಾಗದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಇದು ಟೂ ಸ್ಟ್ರೋಕ್ ಗಾಡಿ, ಹಾಗಾಗಿ ಪೆಟ್ರೋಲ್ ಹಾಕಿಸುವಾಗ ಲೀಟರಿಗೆ 40 ಮಿಲಿ 2ಟಿ (ಟೂ ಸ್ಟ್ರೋಕ್) ಆಯಿಲ್ ನೀವೇ ಬೆರೆಸಬೇಕು.