ಕೋಳಿ ಸಾಸೇಜ್‌ಗೆ ಯಾವ ರುಚಿ ಪರೀಕ್ಷೆ? ಮೂರನ್ನೂ ಮಾಡಿ ನೋಡಿದೆವು

ತೀರ್ಥಹಳ್ಳಿಯಲ್ಲಿ ನಾವು ಮಾಡುವ ಕೋಳಿ ಸಾಸೇಜ್‌ನಲ್ಲಿ ಎರಡು ಬದಲಾವಣೆ ಬೇಕಿತ್ತು. ಉಪ್ಪನ್ನು ಶೇ. 2ರಿಂದ 1.5ಕ್ಕೆ ಇಳಿಸುವುದು, ಸ್ವಲ್ಪ ಉಪ್ಪಾಗೆ (ಮಲೆನಾಡಿನ ಹುಳಿ ಹಣ್ಣು) ಹುಳಿ ಸೇರಿಸುವುದು. ತಿನ್ನುವವರಿಗೆ ಹಿಡಿಸುತ್ತದಾ ಅಂತ ತಿಳಿಯಲು ಮೂರು ಬಗೆಯ ಪರೀಕ್ಷೆ ಮಾಡಿದೆವು.

9 ಅಂಕದ ಇಷ್ಟದ ಅಳತೆ (1 ಅಂದರೆ ಒಂಚೂರೂ ಇಷ್ಟವಿಲ್ಲ, 9 ಅಂದರೆ ತುಂಬಾ ಇಷ್ಟ) ಎಲ್ಲಕ್ಕಿಂತ ಸುಲಭ. ಅಮೆರಿಕದ ಸೇನೆಯ ಊಟಕ್ಕಾಗಿ 1950ರ ಆಸುಪಾಸಿನಲ್ಲಿ ಹುಟ್ಟಿದ್ದು ಇದು. ಆದರೆ ನಮ್ಮ ಮಲೆನಾಡಲ್ಲಿ ಕೊಟ್ಟದ್ದನ್ನು ತಿಂದು ಮುಖದೆದುರೇ ಚೆನ್ನಾಗಿಲ್ಲ ಅನ್ನುವವರು ಕಡಿಮೆ ಅಲ್ವಾ? ಪರಿಚಯದವರೆಲ್ಲ ಹಳೆಯದಕ್ಕೂ ಹೊಸದಕ್ಕೂ ಒಳ್ಳೆಯ ಅಂಕವನ್ನೇ ಕೊಟ್ಟರು. ಶಿವಮೊಗ್ಗದಲ್ಲಿ ಗುರುತಿಲ್ಲದವರಿಗೆ ಕೊಟ್ಟಾಗಲೇ ಅಂಕಗಳು ಮೇಲೆ ಕೆಳಗೆ ಆದದ್ದು.

ತ್ರಿಕೋನ ಪರೀಕ್ಷೆಯಲ್ಲಿ ದಾಕ್ಷಿಣ್ಯಕ್ಕೆ ಜಾಗವಿಲ್ಲ. ಮೂರು ತುಂಡು, ಎರಡು ಒಂದೇ ತರಹದ್ದು, ಬೇರೆಯದನ್ನು ಹುಡುಕಬೇಕು. 24 ಜನರಲ್ಲಿ ಸುಮ್ನೆ ಊಹಿಸಿದರೂ ಸುಮಾರು 8 ಜನ ಸರಿ ಹೇಳುತ್ತಾರೆ. 13 ಅಥವಾ ಹೆಚ್ಚು ಜನ ಸರಿ ಹೇಳಿದರೆ ವ್ಯತ್ಯಾಸ ನಿಜ ಅಂತ ಲೆಕ್ಕ. ಉಪ್ಪಾಗೆ ಕಪ್ಪು, ಬಣ್ಣದಲ್ಲೇ ಸಿಕ್ಕಿಬೀಳುತ್ತದೆ. ಹಾಗಾಗಿ ಕೆಂಪು ಬಲ್ಬಿನ ಕೆಳಗೆ ಕೊಡಬೇಕಾಯಿತು. ಜನ ವ್ಯತ್ಯಾಸ ಹಿಡಿದರು. ಆದರೆ ಬೇರೆಯದು ಅಂತ ಗೊತ್ತಾದರೆ ಸಾಕೇ? ಯಾವುದು ಇಷ್ಟ, ಏನು ಸರಿಮಾಡಬೇಕು ಅನ್ನುವುದಕ್ಕೆ ಇದರಲ್ಲಿ ಉತ್ತರ ಸಿಗುವುದಿಲ್ಲ.

ನನ್ನ ಮೆಚ್ಚುಗೆ 'ಸರಿಯಾಗಿದೆಯಾ' ಅಳತೆಗೆ. ಉಪ್ಪು, ಹುಳಿ, ರಸ, ಗಟ್ಟಿತನ, ಒಂದೊಂದಕ್ಕೂ 'ತೀರಾ ಕಡಿಮೆ'ಯಿಂದ 'ತೀರಾ ಜಾಸ್ತಿ'ವರೆಗೆ 5 ಮನೆ, ನಡುವಿನದು 'ಸರಿಯಾಗಿದೆ'. ಪಕ್ಕದಲ್ಲೇ ಒಟ್ಟಾರೆ ಇಷ್ಟದ ಅಂಕ. ಉಪ್ಪು ಸರಿಯಾಗಿದೆ ಅಂದವರೇ ಹೆಚ್ಚು! ದೂರು ಬಂದದ್ದು ರಸದ ಮೇಲೆ. ಒಣಗಿದೆ, ಪುಡಿಪುಡಿ ಅಂದವರೇ ಒಟ್ಟು ಅಂಕವನ್ನೂ ಇಳಿಸಿದ್ದರು.

ಕಾರಣ ಮಾಂಸದೊಳಗೇ ಇದೆ. ಉಪ್ಪು ಬರೀ ರುಚಿಗಲ್ಲ. ಮಾಂಸದ ಪ್ರೋಟೀನನ್ನು ಕರಗಿಸಿ ಅಂಟು ಮಾಡುವುದೂ ಅದೇ. ಹುಳಿ ಹೆಚ್ಚಾಗಿ ಪಿಎಚ್ (ಹುಳಿಯ ಅಳತೆ, ಹುಳಿ ಏರಿದಷ್ಟೂ ಇದು ಇಳಿಯುತ್ತದೆ) 5.2ರ ಹತ್ತಿರ ಬಂದರೆ ಮಾಂಸ ನೀರು ಹಿಡಿದುಕೊಳ್ಳುವುದಿಲ್ಲ. ಉಪ್ಪು ಕಡಿಮೆ, ಹುಳಿ ಜಾಸ್ತಿ, ಎರಡೂ ಒಟ್ಟಿಗೆ ಬಿದ್ದರೆ ಕೇಳಬೇಕೇ? ಈಗ ಮೊದಲು ಮಾಂಸಕ್ಕೆ ಉಪ್ಪು ಮತ್ತು ಐಸ್ ಹಾಕಿ ಚೆನ್ನಾಗಿ ರುಬ್ಬುತ್ತೇವೆ, ಉಪ್ಪಾಗೆ ರಸ ಕೊನೆಗೆ, ಅದೂ ಕಡಿಮೆ. ಬರೀ 9 ಅಂಕ ನೋಡಿದ್ದರೆ ಉಪ್ಪನ್ನೇ ವಾಪಸ್ ಹೆಚ್ಚಿಸುತ್ತಿದ್ದೆವೇನೋ.

ತ್ರಿಕೋನ ಪರೀಕ್ಷೆಯನ್ನು ಮಸಾಲೆ ಅಂಗಡಿ ಬದಲಿಸುವಾಗ ಬಳಸುತ್ತೇವೆ. ಅಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗದಿರುವುದೇ ನಮಗೆ ಬೇಕು. ಯಾವ ಪರೀಕ್ಷೆಯಾದರೂ ಹೆಸರಿನ ಬದಲು ಮೂರಂಕಿಯ ಗುರುತು ಹಾಕಿ, ಕೊಡುವ ಸರದಿ ಬದಲಿಸಿ, ನಡುವೆ ನೀರು, ಸಪ್ಪೆ ಮಂಡಕ್ಕಿ ಕೊಡಿ. ಎಲ್ಲರಿಗೂ ಒಂದೇ ಬಿಸಿಯಲ್ಲಿ ಸಿಗಲಿ. ಆರಿದ ತುಂಡಿನಲ್ಲಿ ಮಸಾಲೆಯ ಘಮ ಅಷ್ಟಾಗಿ ಮೂಗಿಗೆ ಬರುವುದಿಲ್ಲ.