ಹೌಂಡ್ ಟಾರ್ ಬೇಚರಾಕ್ ಊರು, ಡಾರ್ಟ್‌ಮೂರ್: ಗೋಡೆ ನೋಡಿ ವಾಪಸಾಗಬೇಡಿ, ಹೊಲಕ್ಕೂ ಇಳಿಯಿರಿ

ಇಂಗ್ಲೆಂಡಿನ ಡೆವನ್‌ ಪ್ರಾಂತ್ಯದ ಡಾರ್ಟ್‌ಮೂರ್ ಗುಡ್ಡಗಾಡಿನಲ್ಲಿ, ಹೌಂಡ್ ಟಾರ್ ಮತ್ತು ಗ್ರೇಟರ್ ರಾಕ್ಸ್ ಎಂಬ ಎರಡು ಬಂಡೆರಾಶಿಗಳ ನಡುವಿನ ಇಳಿಜಾರಿನಲ್ಲಿ ಜನ ಬಿಟ್ಟುಹೋದ 13ನೆಯ ಶತಮಾನದ ರೈತರ ಕೇರಿಯೊಂದರ ಕಲ್ಲುಗೋಡೆಗಳು ಉಳಿದಿವೆ. ನಾಲ್ಕು ಲಾಂಗ್‌ಹೌಸ್‌ಗಳು (ಜನ-ದನ ಒಂದೇ ಸೂರಿನಡಿ ಇದ್ದ ಉದ್ದನೆಯ ಮನೆಗಳು), ಕೆಲವು ಸಣ್ಣ ಕಟ್ಟಡಗಳು, ಕಾಳು ಒಣಗಿಸುತ್ತಿದ್ದ ಮೂರು ಕಣಜಗಳು. ಪ್ರವೇಶ ಉಚಿತ, ಹಗಲು ಹೊತ್ತಿನಲ್ಲಿ ಯಾವಾಗ ಬೇಕಾದರೂ ಹೋಗಬಹುದು. ಬ್ರಿಟನ್ನಿನಲ್ಲಿರುವ ಕನ್ನಡಿಗರಲ್ಲಿ ಬೇಸಾಯದ ಮನೆಯಿಂದ ಬಂದವರಿಗೆ, ದುಡ್ಡು ಕೊಟ್ಟು ನೋಡುವ ಎಷ್ಟೋ ಅರಮನೆಗಳಿಗಿಂತ ಇದು ಹೆಚ್ಚು ಕೊಡುತ್ತದೆ.

ಕಾರಿದ್ದರೆ ಅನುಕೂಲ. ಕೊನೆಯ ರಸ್ತೆಗಳು ತೀರಾ ಇಕ್ಕಟ್ಟು. ಹೌಂಡ್ ಟಾರ್ ಕಾರ್ ಪಾರ್ಕಿನಿಂದ ಸುಮಾರು 800 ಮೀಟರ್ ನಡಿಗೆ. ಮೊದಲು ದೊಡ್ಡ ಬಂಡೆಗಳತ್ತ ಹತ್ತಿ, ಅವುಗಳನ್ನು ದಾಟಿ, ಗ್ರೇಟರ್ ರಾಕ್ಸ್ ಎದುರಿಗಿಟ್ಟುಕೊಂಡು ಆಗ್ನೇಯಕ್ಕೆ ಇಳಿಯಬೇಕು. ಹುಲ್ಲು ಸದಾ ಒದ್ದೆ, ಮಂಜು ದಿಢೀರನೆ ಕವಿಯುತ್ತದೆ. ನೀರು ಒಳಗಿಳಿಯದ ಶೂ ಮತ್ತು ಡಾರ್ಟ್‌ಮೂರಿನ ನಡಿಗೆದಾರಿಗಳ ಒಎಲ್28 ನಕ್ಷೆ (ಆರ್ಡ್‌ನನ್ಸ್ ಸರ್ವೆಯದು) ಜೊತೆಗಿರಲಿ.

ಮನೆಯ ವಿನ್ಯಾಸ ಅರ್ಥವಾಗಬೇಕಾದರೆ ಮೋರಿಯಿಂದ ಶುರುಮಾಡಿ. ಲಾಂಗ್‌ಹೌಸನ್ನು ಇಳಿಜಾರಿಗೆ ಅಡ್ಡವಾಗಿ ಅಲ್ಲ, ಇಳಿಜಾರಿನ ಉದ್ದಕ್ಕೇ ಕಟ್ಟುತ್ತಿದ್ದರು. ಕೆಳತುದಿಯಲ್ಲಿ ದನದ ಕೊಟ್ಟಿಗೆ, ನೆಲದ ನಡುವೆ ಗಂಜಲ ಹರಿಯುವ ಕಲ್ಲಿನ ಮೋರಿ, ಅದು ಕೆಳಗೋಡೆಯಿಂದ ಹೊರಕ್ಕೆ. ಮೇಲ್ತುದಿಯಲ್ಲಿ ಜನ, ನೆಲದ ಮೇಲೆ ತೆರೆದ ಒಲೆ, ಹೊಗೆಗೂಡು ಇಲ್ಲ. ಎರಡರ ನಡುವೆ ಎದುರುಬದುರು ಬಾಗಿಲುಗಳ ಓಣಿ. ಹಸುವೂ ಮನುಷ್ಯರೂ ಒಳಬರುತ್ತಿದ್ದುದು ಇಲ್ಲಿಂದಲೇ. ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ತಗ್ಗಿನಲ್ಲಿ ಗೋದಲಿ, ಎತ್ತರದಲ್ಲಿ ಪಡಸಾಲೆ ಕಂಡವರಿಗೆ ಇದು ತಟ್ಟನೆ ಹೊಳೆಯುತ್ತದೆ. ಮೋರಿ ಸಿಕ್ಕಿತೆಂದರೆ ಕೊಟ್ಟಿಗೆ ಯಾವುದು, ಕೋಣೆ ಯಾವುದು ಎಂಬ ಗೊಂದಲವೇ ಉಳಿಯುವುದಿಲ್ಲ.

ಕಣಜಗಳನ್ನು ಅವಸರದಲ್ಲಿ ದಾಟಿಬಿಡಬೇಡಿ. ಈ ಎತ್ತರದಲ್ಲಿ ಮಳೆ ಹೆಚ್ಚು, ಬಿಸಿಲು ಕಡಿಮೆ. ಕೊಯ್ದ ಪೈರು ಹಾಗೇ ಒಣಗುವುದಿಲ್ಲ. ಹಸಿ ಕಾಳು ಕೂಡಿಟ್ಟರೆ ಬೂಸಲು ಹಿಡಿಯುತ್ತದೆ, ಬೀಸಿದರೆ ಕಲ್ಲಿಗೆ ಮೆತ್ತುತ್ತದೆ. ಅದಕ್ಕೇ ಕಲ್ಲಿನ ಕಟ್ಟೆಯೊಳಗೆ ಗುಂಡನೆಯ ಗೂಡು ಕಟ್ಟಿ, ಪಕ್ಕದ ಬಾಯಿಯಲ್ಲಿ ಸಣ್ಣ ಬೆಂಕಿ ಹಾಕಿ, ಬಿಸಿಗಾಳಿಯನ್ನು ಕಾಳಿನ ಹಾಸಿನ ಅಡಿಗೆ ಬಿಡುತ್ತಿದ್ದರು. ಉರಿ ಜಾಸ್ತಿಯಾದರೆ ಹಾಸಿಗೂ ಹುಲ್ಲಿನ ಮಾಡಿಗೂ ಬೆಂಕಿ. ಒಂದು ಸಣ್ಣ ಕೇರಿಗೆ ಇಂಥ ಮೂರು ಕಣಜ ಬೇಕಾಗಿದ್ದವು ಎಂಬುದೇ ಇಲ್ಲಿ ಬೆಳೆ ತೆಗೆಯುವುದು ಎಷ್ಟು ಕಷ್ಟವಿತ್ತೆಂದು ಹೇಳುತ್ತದೆ.

ಬಹುತೇಕರು ಇಲ್ಲಿಂದಲೇ ಹಿಂತಿರುಗುತ್ತಾರೆ, ಅದು ದೊಡ್ಡ ನಷ್ಟ. ಸುತ್ತಲಿನ ಇಳಿಜಾರಿನಲ್ಲಿ ಮಣ್ಣು-ಕಲ್ಲಿನ ಬದುಗಳೂ ಉಳುಮೆಯ ದಿಂಡು-ಸಾಲುಗಳೂ ಈಗಲೂ ಇವೆ. ಇದೇ ನೆಲದಲ್ಲಿ ಕಂಚಿನ ಯುಗದಲ್ಲೂ ಬೇಸಾಯ ನಡೆದಿತ್ತು. ನೆತ್ತಿ ಬಿಸಿಲಲ್ಲಿ ಇವು ಕಾಣುವುದಿಲ್ಲ. ಬೆಳಗಿನ ಇಲ್ಲವೇ ಸಂಜೆಯ ಓರೆ ಬಿಸಿಲಿನಲ್ಲಿ ನೆರಳು ಗೆರೆಯಾಗಿ ಎದ್ದು ಬರುತ್ತವೆ. ಬೇಸಿಗೆಯಲ್ಲಿ ಎದೆಮಟ್ಟದ ಜರಿಗಿಡ ಎಲ್ಲವನ್ನೂ ಮುಚ್ಚಿಬಿಡುತ್ತದೆ, ಅದರಲ್ಲಿ ಉಣ್ಣೆಹುಳದ ಕಾಟವೂ ಉಂಟು. ನವೆಂಬರಿನಿಂದ ಏಪ್ರಿಲ್ ತನಕ ಹೋಗುವುದು ಉತ್ತಮ.

ಕೊರತೆ ಇರುವುದು ವಿವರಣೆಯಲ್ಲಿ. ಊರು ಯಾಕೆ ಖಾಲಿಯಾಯಿತು ಎಂಬುದಕ್ಕೆ 1348ರ ಪ್ಲೇಗ್ ಮಹಾಮಾರಿಯೊಂದನ್ನೇ ಹೇಳುವ ರೂಢಿ ಇದೆ. ಮಣ್ಣಿನಲ್ಲಿ ಸಿಕ್ಕ ಪರಾಗದ ಪ್ರಕಾರ ಧಾನ್ಯದ ಬೇಸಾಯ ಸುಮಾರು 1350ರ ಹೊತ್ತಿಗೆ ನಿಂತಿದೆ. ಆದರೆ ಜನ ಪೂರ್ತಿ ಬಿಟ್ಟದ್ದು 14ನೆಯ ಶತಮಾನದ ಕೊನೆ ಅಥವಾ 15ರ ಆರಂಭ ಎಂಬುದು ಸಾಮಾನ್ಯ ಅಂದಾಜು. ಕೆಟ್ಟ ಹವೆ, ಪಿಡುಗಿನ ನಂತರ ಕೆಳಗಿನ ಕಣಿವೆಗಳಲ್ಲಿ ತೆರವಾದ ಒಳ್ಳೆಯ ಜಮೀನು, ಇವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1960ರ ದಶಕದಲ್ಲಿ ಮರೀ ಮಿಂಟರ್ ಇಲ್ಲಿ ಉತ್ಖನನ ಶುರುಮಾಡಿದರು, ವರದಿ ಗೈ ಬೆರೆಸ್‌ಫರ್ಡರಿಂದ 1979ರಲ್ಲಿ ಬಂತು. ಕಲ್ಲುಗೋಡೆಗಳ ಅಡಿಯಲ್ಲಿ ಇನ್ನೂ ಹಳೆಯ ಹೆಂಟೆಗೋಡೆಯ ಮನೆಗಳಿದ್ದವು ಎಂಬ ಅದರ ವಾದವನ್ನು ಆಮೇಲಿನ ವಿದ್ವಾಂಸರು ಒಪ್ಪಿಲ್ಲ.

ಗೋಡೆಗಳ ಮೇಲೆ ಹತ್ತಬೇಡಿ, ಕಲ್ಲು ಜಾರುತ್ತದೆ. ಸಂರಕ್ಷಿತ ಸ್ಮಾರಕವಾದ್ದರಿಂದ ಅನುಮತಿಯಿಲ್ಲದೆ ಲೋಹಶೋಧಕ ಬಳಸುವುದು ಅಪರಾಧ. ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಗೆ ಹಗ್ಗ ಕಡ್ಡಾಯ. ಶೌಚಾಲಯಕ್ಕೆ ಹೇಟರ್ ಮಾಹಿತಿ ಕೇಂದ್ರದಲ್ಲಿ ಮೊದಲೇ ನಿಲ್ಲಿಸಿಕೊಂಡು ಬನ್ನಿ.