ಕೈಗೆ ಕೆಲಸ ಗೊತ್ತು, ಬಾಯಿ ಬರಲ್ಲ ಅನ್ನೋರಿಗೆ ಹಾಸನದ ಈ ಭಾನುವಾರದ ಕ್ಲಾಸ್

ನಾನು ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್ ಮುಗಿಸಿದವನು. ಆಮೇಲೆ ಆಲೂರಿನಲ್ಲಿ ನಮ್ಮ ಮಾವನ ಗ್ಯಾರೇಜಿನಲ್ಲಿ ಒಂದೂವರೆ ವರ್ಷ ದುಡಿದೆ. ಆದರೂ ಮೂರು ಇಂಟರ್‌ವ್ಯೂನಲ್ಲಿ ಕೆಲಸ ಕೈತಪ್ಪಿತು. ಮೂರನೆಯದರಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಆಲ್ಟರ್ನೇಟರ್ ಚಾರ್ಜ್ ಮಾಡ್ತಿದೆಯೋ ಇಲ್ಲವೋ ಹೇಗೆ ನೋಡ್ತೀರಾ? ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋದೇ ಈ ಆಲ್ಟರ್ನೇಟರ್, ಅದನ್ನು ನೋಡೋದು ವಾರಕ್ಕೆ ಎರಡು ಸಲ ಮಾಡ್ತಿದ್ದ ಕೆಲಸ. "ಮೀಟರ್ ಇಟ್ಟು ನೋಡ್ತೀನಿ ಸಾರ್" ಅಂದೆ, ಅಷ್ಟೇ, ಮುಂದೆ ಮಾತೇ ಹೊರಡಲಿಲ್ಲ.

ಅದಕ್ಕೇ ಮೆಕ್ಯಾನಿಕ್‌ಗಳನ್ನು ಇಂಟರ್‌ವ್ಯೂಗೆ ತಯಾರು ಮಾಡುವ ಈ ಕ್ಲಾಸಿಗೆ ಸೇರಿದೆ. ಬಿ.ಎಂ. ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಗ್ಯಾರೇಜಿದೆ. ಸರ್ವಿಸ್ ಸೆಂಟರಿನಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತರಾದ ಮೇಷ್ಟ್ರೊಬ್ಬರು ಅಲ್ಲಿ ನಾಲ್ಕು ಭಾನುವಾರ ಹೇಳಿಕೊಡುತ್ತಾರೆ. ಫೀಸು 1,200 ರೂಪಾಯಿ. ನಗುತ್ತಾ ಮಾತಾಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಧೈರ್ಯವಾಗಿರಿ ಅನ್ನೋ ಮಾತು ಇಲ್ಲಿ ಇಲ್ಲವೇ ಇಲ್ಲ. ನಿಮ್ಮ ಮುಂದೆ ಒಂದು ಕಾರು ನಿಲ್ಲಿಸುತ್ತಾರೆ, ಮೇಷ್ಟ್ರೇ ಗಿರಾಕಿ ಆಗುತ್ತಾರೆ, ನೀವು ಕೆಲಸ ಮಾಡ್ತಾ ಮಾಡ್ತಾ ಏನು ಮಾಡ್ತಿದ್ದೀರಿ ಅಂತ ಜೋರಾಗಿ ಹೇಳಬೇಕು.

ಮೊದಲ ದಿನ ನನಗೆ ಸಿಕ್ಕಿದ್ದೂ ಅದೇ ಆಲ್ಟರ್ನೇಟರ್. "ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲ್ಲಪ್ಪ" ಅಂದರು ಮೇಷ್ಟ್ರು. ನಾನು ಸೀದಾ ಬಾನೆಟ್ ಎತ್ತಲು ಹೋದೆ. ಕೈ ಹಿಡಿದು ನಿಲ್ಲಿಸಿದರು. ಮೊದಲು ಕೇಳು ಅಂದರು: ಎಷ್ಟು ದಿನದಿಂದ? ಬ್ಯಾಟರಿ ಹಾಕಿ ಎಷ್ಟು ವರ್ಷ ಆಯ್ತು? ಬೇರೆ ಏನಾದ್ರೂ ಫಿಟ್ಟಿಂಗ್ ಮಾಡಿಸಿದ್ದೀರಾ? ಆಮೇಲೆ ಮೀಟರ್. ಇಂಜಿನ್ ಆಫ್ ಇದ್ದು ಗಾಡಿ ಸ್ವಲ್ಪ ಹೊತ್ತು ನಿಂತಿದ್ದರೆ, ಫುಲ್ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸ್ಟಾರ್ಟ್ ಆದ ಮೇಲೆ 14ರ ಆಸುಪಾಸು. ಅದು 12ರಲ್ಲೇ ಕೂತಿದ್ದರೆ ಮೊದಲು ಬೆಲ್ಟ್ ನೋಡು, ಆಮೇಲೆ ವೈರಿಂಗ್, ಕೊನೆಗೆ ಆಲ್ಟರ್ನೇಟರ್ ಬಿಚ್ಚು. ಇದೆಲ್ಲಾ ನನಗೆ ಗೊತ್ತೇ ಇತ್ತು. ಒಂದಾದ ಮೇಲೊಂದು ಬಾಯಲ್ಲಿ ಜೋಡಿಸೋದು ಗೊತ್ತಿರಲಿಲ್ಲ, ಯಾಕಂದ್ರೆ ಗ್ಯಾರೇಜಿನಲ್ಲಿ ನಮ್ಮನ್ನು ಯಾರೂ ಹಾಗೆ ಕೇಳಲ್ಲ, ಕೆಲಸ ಆಯ್ತಾ ಅಂತ ಮಾತ್ರ ಕೇಳ್ತಾರೆ, ಅಲ್ವಾ? ಐದನೇ ಸಲ ಹೇಳುವ ಹೊತ್ತಿಗೆ ನನ್ನ ದನಿಯ ನಡುಕ ನಿಂತಿತ್ತು.

ಇನ್ನೊಂದು ಹೆದರಿಕೆ ನಮ್ಮಂಥ ಊರ ಗ್ಯಾರೇಜಿನ ಹುಡುಗರಿಗೆಲ್ಲಾ ಇದೆ: ನಾವು ಕಲಿತದ್ದು ಹಳೇ ಗಾಡಿ, 2020ರ ಏಪ್ರಿಲ್‌ನಿಂದ ಬಂದಿದ್ದೆಲ್ಲಾ ಬಿಎಸ್6, ಅಂದ್ರೆ ಹೊಗೆ ಬಗ್ಗೆ ಬಿಗಿ ನಿಯಮದ ಗಾಡಿ. ಇದಕ್ಕೆ ಮೇಷ್ಟ್ರು ಒಂದು ಭಾನುವಾರ ಪೂರ್ತಿ ಕೊಟ್ಟರು. ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಲೈಟ್ ಯಾಕೆ ಬಂತು ಅಂತ ಗಿರಾಕಿಗೆ ಹೇಗೆ ಹೇಳೋದು? ಡೀಸೆಲ್ ಗಾಡಿ ಬರೀ ಹಾಸನ ಪೇಟೆಯೊಳಗೆ ಓಡಾಡಿದರೆ ಫಿಲ್ಟರಿನಲ್ಲಿ ಕೂತ ಮಸಿ ಉರಿಯುವಷ್ಟು ಬಿಸಿ ಆಗಲ್ಲ ಸಾರ್, ಒಂದ್ಸಲ ಚನ್ನರಾಯಪಟ್ಟಣದ ತನಕ ಹೈವೇನಲ್ಲಿ ಓಡಿಸಿ, ಆಮೇಲೂ ಲೈಟ್ ಹೋಗದಿದ್ದರೆ ಸ್ಕ್ಯಾನರ್ ಹಾಕೋಣ. ಇಷ್ಟು ಸಲೀಸಾಗಿ ನನಗೆ ಇದನ್ನು ಬೇರೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನೋದನ್ನೂ ಅಭ್ಯಾಸ ಮಾಡಿಸುತ್ತಾರೆ. "ಆ ಕೆಲಸ ಮಾಡಿಲ್ಲ ಸಾರ್, ಆದರೆ ಇಲ್ಲಿಂದ ಶುರು ಮಾಡ್ತೀನಿ" ಅಂತ. ಸುಮ್ನೆ ಬುರುಡೆ ಬಿಟ್ಟರೆ ಅಲ್ಲೇ ನಿಲ್ಲಿಸುತ್ತಾರೆ.

ಕೊರತೆಗಳೂ ಇವೆ. ನಮ್ಮ ಬ್ಯಾಚಿನಲ್ಲಿ 11 ಜನ, ಕಾರು ಒಂದೇ, ಸರದಿ ಬರೋದು ತಡ. ಎಲೆಕ್ಟ್ರಿಕ್ ಗಾಡಿ ಬಗ್ಗೆ ಕಿತ್ತಳೆ ಬಣ್ಣದ ಕೇಬಲ್ ಅಂದ್ರೆ ಹೈ ವೋಲ್ಟೇಜ್, ತರಬೇತಿ ಇಲ್ಲದೆ ಮುಟ್ಟಬೇಡಿ ಅನ್ನೋದು ಬಿಟ್ಟರೆ ಜಾಸ್ತಿ ಏನೂ ಇಲ್ಲ, ಈಗಿನ ಕಾಲಕ್ಕೆ ಅದು ಸಾಲದು. ಇಂಗ್ಲಿಷ್‌ನಲ್ಲಿ ಉತ್ತರ ಹೇಳಿಸುವುದೂ ಕಡಿಮೆ.

ಕಳೆದ ತಿಂಗಳು ನಾಲ್ಕನೇ ಇಂಟರ್‌ವ್ಯೂ ಆಯ್ತು. ಬ್ರೇಕ್ ಹಾಕಿದರೆ ಗಾಡಿ ಒಂದು ಕಡೆ ಎಳೆಯುತ್ತೆ, ಏನು ಮಾಡ್ತೀರಾ ಅಂದರು. ಗಿರಾಕಿಗೆ ಕೇಳುವ ಪ್ರಶ್ನೆಯಿಂದ ಶುರು ಮಾಡಿದೆ, ಟೈರಿನ ಗಾಳಿ, ಪ್ಯಾಡ್, ಜಾಮ್ ಆದ ಕ್ಯಾಲಿಪರ್ ಅಂತ ಒಂದೊಂದೇ ಹೇಳ್ತಾ ಹೋದೆ. ಟ್ರೈನಿ ಟೆಕ್ನಿಷಿಯನ್ ಆಗಿ ತಗೊಂಡರು.

ಹೋಗೋರು ಎಂಟೂವರೆಗೇ ಹೋಗಿ, ಒಂಬತ್ತಕ್ಕೆ ಸರಿಯಾಗಿ ಶುರು ಮಾಡುತ್ತಾರೆ. ನೀವು ಮಾಡಿದ ಕೆಲಸದ ಹಳೇ ಜಾಬ್ ಕಾರ್ಡ್ (ಗಾಡಿಗೆ ಏನೇನು ಕೆಲಸ ಅಂತ ಗ್ಯಾರೇಜಿನಲ್ಲಿ ಬರೆಯುವ ಚೀಟಿ) ಇದ್ದರೆ ತಪ್ಪದೇ ತಗೊಂಡು ಹೋಗಿ, ರೆಸ್ಯೂಮ್ ಬರೆಸೋದು ಅದನ್ನು ನೋಡಿಕೊಂಡೇ.